ಆದಿಯ ಬೆಂಚು

೫ ಏಪ್ರಿಲ್ ೧೯೯೫, ಬುಧವಾರ. ತುಂಬ, ತಿರುವನಂತಪುರ

ಇವರ ರಾಕೆಟ್ ಆಫೀಸಿನಿಂದ ವರ್ಷಾ ವರ್ಷ ಒಂದು ದಪ್ಪ ಡೈರಿ ಬರುತ್ತೆ. ಇವರು ಒಂದಕ್ಷರ ಬರೆಯೋರಲ್ಲ. ಸುಮ್ಮನೆ ಧೂಳು ತಿಂತಾ ಬಿದ್ದಿರುತ್ತೆ ಅಂತ ಈ ಸಲ ನಾನೇ ಎತ್ತಿಕೊಂಡೆ. ಇನ್ಯಾರ ಹತ್ರ ಹೇಳಿಕೊಳ್ಳಲಿ? ಈ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಒಬ್ಬರ ಕಿವಿಗೆ ಹಾಕಿದ್ದು ಸಂಜೆಯೊಳಗೆ ಆಫೀಸಿನ ಬಸ್ಸೆಲ್ಲಾ ಸುತ್ತಿ ಬಂದಿರುತ್ತೆ.

ನಮ್ಮ ಆದಿ ಮತ್ತೆ ಫೇಲು. ಎರಡನೇ ಸಲ. ಬಿ.ಕಾಂ.ನ ಬೇರೆಲ್ಲಾ ಪೇಪರು ಹೇಗೋ ದಾಟಿದಾನೆ. ಎರಡನೇ ವರ್ಷದ ಅಕೌಂಟೆನ್ಸಿ ಒಂದೇ ಗಂಟಲಿನ ಮುಳ್ಳಾಗಿ ಕೂತಿದೆ. ಜೂನ್‌ನಲ್ಲಿ ಇನ್ನೊಂದು ಸಲ ಬರೀಬಹುದು. ಹಳೇ ಸಿಲಬಸ್ಸಿಗೆ ಅದೇ ಕೊನೇ ಚಾನ್ಸು. ಅದೂ ಹೋದ್ರೆ ಹೊಸ ಸಿಲಬಸ್ಸಿನಲ್ಲಿ ಮೊದಲಿಂದ ಶುರು ಮಾಡಬೇಕಂತೆ. ಓದಿದ್ದೆಲ್ಲಾ ನೀರಿಗೆ ಹೋದ ಹಾಗೆ.

ಇವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಮೊಸರನ್ನ ಕಲಸುತ್ತಾ, "ಡಿಗ್ರಿ ಒಂದಿಲ್ಲದಿದ್ರೆ ನಮ್ಮ ಆಫೀಸಿನ ಗೇಟಿನ ಒಳಗೂ ಬಿಡಲ್ಲ ವೇದಾ" ಅಂದ್ರು, ಎದ್ದು ಹೋದ್ರು. ರಾಕೆಟ್ಟಿನ ಹೊಟ್ಟೆಯೊಳಗೆ ಏನಾಗುತ್ತೆ ಅಂತ ಗೊತ್ತಿರೋ ಮನುಷ್ಯನಿಗೆ ಮಗನ ಜೊತೆ ಎರಡು ಮಾತಾಡೋದು ಗೊತ್ತಿಲ್ಲ.

ಆದಿಯನ್ನ ಕೇಳಿದೆ, ಯಾಕೋ ಹೀಗೆ ಅಂತ. "ಎನಿಕ್ಕು ವಯ್ಯ ಅಮ್ಮೇ" ಅಂದ. ನನ್ನ ಕೈಲಾಗಲ್ಲ ಅಂತ. ಇಪ್ಪತ್ತೊಂದು ವರ್ಷದ ಗಂಡು ಹಾಡೋ ಹಾಡು! ನಾನು ಕನ್ನಡದಲ್ಲಿ ಎಷ್ಟು ಕೂಗಾಡಿದ್ರೂ ಅವನ ಉತ್ತರ ಮಲಯಾಳದಲ್ಲೇ. ಹುಟ್ಟಿದಾಗಿಂದ ಹೀಗೇ.

ಕೊಚ್ಚಿಯಿಂದ ನನ್ನ ತಂಗಿ ಸುಮಿತ್ರ ಫೋನ್ ಮಾಡಿದ್ಲು. ಮಟ್ಟಾಂಚೇರಿಯಲ್ಲಿ ಕುರುವಿಳ ಸಾರ್ ಅಂತ ಇದಾರಂತೆ, ಫೇಲಾದವರಿಗೇ ರಜೆಯಲ್ಲಿ ಎರಡು ವಾರದ ಕ್ಲಾಸು ನಡೆಸ್ತಾರಂತೆ. ಕಲ್ಲಿಗೂ ಅಕೌಂಟ್ಸ್ ಕಲಿಸ್ತಾರೆ ಅಕ್ಕ ಅಂದ್ಲು. ಸರಿ, ನಮ್ಮ ಕಲ್ಲನ್ನೂ ಹೊತ್ತುಕೊಂಡು ಹೋಗೋಣ.

೯ ಏಪ್ರಿಲ್, ಭಾನುವಾರ. ಕೊಚ್ಚಿ

ರೈಲಿನಲ್ಲಿ ಬೆಂದು ಬಂದ್ವಿ. ಸುಮಿತ್ರನ ಮನೆ ವೈಟ್ಟಿಲದಲ್ಲಿ, ಅವಳ ಗಂಡನಿಗೆ ಬ್ಯಾಂಕಿನವರು ಕೊಟ್ಟಿರೋದು. ಹಗಲೂ ರಾತ್ರಿ ಲಾರಿಗಳ ಹಾರ್ನು. ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕ್ತಿದೆ. ಕಾಲು ಊದಿಕೊಂಡಿದೆ. ಆದಿ ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗಿದ.

ಅವನನ್ನ ಒಬ್ಬನೇ ಕಳಿಸೋ ಹಾಗಿಲ್ಲ. ಹೋದ ಸಲ ಹಾಲ್ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಪರೀಕ್ಷೆಗೆ ಅಂತ ಹೊರಟವನು ಕಡಲ ತೀರಕ್ಕೆ ಹೋಗಿ ಕೂತಿದ್ದ. ಆ ವಿಷಯ ಇವರಿಗೆ ಇನ್ನೂ ಗೊತ್ತಿಲ್ಲ.

೧೦ ಏಪ್ರಿಲ್, ಸೋಮವಾರ

ಬಸ್ಸು, ಆಮೇಲೆ ಬೋಟು, ಆಮೇಲೆ ನಡಿಗೆ. ಕ್ಲಾಸು ಇರೋದು ಒಂದು ಹಳೇ ಶುಂಠಿ ಗೋಡೌನಿನ ಮಹಡಿ ಮೇಲೆ. ಮೆಟ್ಟಿಲು ಹತ್ತುವಾಗಲೇ ಸೀನು ಶುರುವಾಗುತ್ತೆ. ಸಾರ್‌ಗೆ ಅರವತ್ತರ ಮೇಲೆ, ಬಿಳಿ ಮುಂಡು ಪಂಚೆ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ದುಡ್ಡು ಮೊದಲೇ ಪೂರ್ತಿ ಇಸ್ಕೊಂಡ್ರು. "ಮಧ್ಯದಲ್ಲಿ ಬಿಟ್ಟರೆ ವಾಪಸ್ ಇಲ್ಲ, ಆಮೇಲೆ ಬಂದು ಅಳಬೇಡಿ" ಅಂದ್ರು. ಇಂಥವರೇ ಸರಿ ಈ ಹುಡುಗನಿಗೆ.

ನಾನು ಕೆಳಗೆ ಗೋಣಿಚೀಲದ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದೆ. ಸೀರೆಯೆಲ್ಲಾ ಶುಂಠಿ ವಾಸನೆ.

೧೧ ಏಪ್ರಿಲ್, ಮಂಗಳವಾರ

ಅಯ್ಯೋ ನನ್ನ ಹಣೆಬರಹವೇ.

ಬೋಟು ಇಳಿಯೋವರೆಗೂ ಪಕ್ಕದಲ್ಲೇ ಇದ್ದ. ಟಿಕೆಟ್ಟು ಬ್ಯಾಗಿಗೆ ಹಾಕಿ ತಲೆ ಎತ್ತೋದರೊಳಗೆ ಮಾಯ. ಜೆಟ್ಟಿಯಲ್ಲೆಲ್ಲಾ ಹುಡುಕಿದೆ. ಕೊನೆಗೆ ಮಹಡಿ ಹತ್ತಿ ನೋಡಿದ್ರೆ ಅಲ್ಲೂ ಇಲ್ಲ. ಅವನ ಬೆಂಚು ಖಾಲಿ. ಸಾರ್ ಹಲಗೆ ಮೇಲೆ ಬರೀತಾ ಇದ್ದವರು ತಿರುಗಿ, "ಮಗ ಎಲ್ಲಿ?" ಅಂದ್ರು. ಬರ್ತಾನೆ ಅಂದೆ. "ಹಾಗಾದ್ರೆ ಬಾಗಿಲಲ್ಲಿ ನಿಲ್ಲಬೇಡಿ, ಬೆಳಕು ಅಡ್ಡ ಬರುತ್ತೆ" ಅಂದ್ರು.

ನನಗೂ ರೇಗಿತು. ದುಡ್ಡು ಕಟ್ಟಿಯಾಗಿದೆ, ವಾಪಸ್ ಕೊಡಲ್ಲ, ಬೆಂಚು ಖಾಲಿ ಇದೆ, ಕಾಲು ಸೋತಿದೆ. ಹೋಗಿ ಕೂತೆ! ಹುಡುಗರು ಕಿಸಕ್ಕಂದ್ರು. ಸಾರ್ ಹಲಗೆ ಕಡೆ ತಿರುಗಿ ಮತ್ತೆ ಬರೆಯೋಕೆ ಶುರು ಮಾಡಿದ್ರು. ನಾನು ಬಿ.ಎ. ಎರಡನೇ ವರ್ಷಕ್ಕೇ ಮದುವೆಯಾಗಿ ತುಂಬಕ್ಕೆ ಬಂದವಳು. ಬೆಂಚಿನ ಮೇಲೆ ಕೂತು ಇಪ್ಪತ್ತಮೂರು ವರ್ಷ ಆಗಿತ್ತು. ಸೊಂಟ ಹಿಡಿದುಕೊಂಡಿತು.

ಡೆಬಿಟ್ ಎಡಗಡೆ, ಕ್ರೆಡಿಟ್ ಬಲಗಡೆ. ಇಷ್ಟು ಬಿಟ್ರೆ ಒಂದಕ್ಷರ ತಲೆಗೆ ಹೋಗಲಿಲ್ಲ. ಆದಿಯ ಕಷ್ಟ ಸ್ವಲ್ಪ ಅರ್ಥವಾಯ್ತು, ಹಾಗಂತ ಅವನಿಗೆ ಹೇಳಲಿಲ್ಲ.

೧೩ ಏಪ್ರಿಲ್, ಗುರುವಾರ

ನಿನ್ನೆಯೂ ಇಲ್ಲ, ಇವತ್ತೂ ಇಲ್ಲ ಆಸಾಮಿ. ನಾನೇ ಕೂತೆ. ತಲೆ ಚಿಟ್ಟು ಹಿಡಿದಿದೆ. ಬರೆಯೋಕೂ ಬೇಜಾರು.

೧೭ ಏಪ್ರಿಲ್, ಸೋಮವಾರ

ಸಿಕ್ಕಿಬಿದ್ದ. ಎಲ್ಲಿ ಅಂದ್ರೆ, ನಾನು ದಿನಾ ಓಡಾಡೋ ಬೋಟಿನೊಳಗೇ! ಕಾಲಡಿಯ ಹಲಗೆ ತೆಗೆದು, ಎಂಜಿನ್ನಿನ ಹತ್ರ ಡ್ರೈವರ್ ಜೊತೆ ಕುಕ್ಕರಗಾಲಲ್ಲಿ ಕೂತಿದ್ದ. ಮೊಣಕೈವರೆಗೂ ಗ್ರೀಸು. ಡ್ರೈವರ್ ಏನೋ ಹೇಳಿದ್ದಕ್ಕೆ ಜೋರಾಗಿ ನಗ್ತಿದ್ದ. ಈ ಹುಡುಗ ನಕ್ಕಿದ್ದು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಆ ನಗು ಮುಗಿಯೋವರೆಗೂ ನೋಡಿದೆ. ಆಮೇಲೆ ಚೆನ್ನಾಗಿ ಬೈದೆ, ಬೋಟಿನ ತುಂಬಾ ಜನ ತಿರುಗಿ ನೋಡೋ ಹಾಗೆ.

ಜೆಟ್ಟಿಯ ಅಂಗಡಿಯಲ್ಲಿ ಚಾಯ ಕುಡೀತಾ ಅವನು ಒಂದು ಒಪ್ಪಂದ ಹೇಳಿದ. ಅವನಿಗೆ ಆ ಬೆಂಚಿನಲ್ಲಿ ಕೂತರೆ ಉಸಿರು ಕಟ್ಟುತ್ತಂತೆ. ನಾನು ಕ್ಲಾಸಿಗೆ ಹೋಗೋದು, ಸಂಜೆ ಮನೆಯಲ್ಲಿ ಅವನಿಗೆ ಹೇಳಿಕೊಡೋದು. ನಾನು ಹೇಳಿದ್ರೆ ಕೇಳ್ತಾನಂತೆ.

ಎಂಥ ಕರ್ಮ ನೋಡಿ. ಆದ್ರೆ ಬೇರೆ ದಾರಿ ಏನಿದೆ? ಒಪ್ಪಿಕೊಂಡೆ. ಅವನಿಗೋಸ್ಕರವೇ. ನನಗೇನು ಬಂದಿದೆ, ಈ ವಯಸ್ಸಿಗೆ.

೨೦ ಏಪ್ರಿಲ್, ಗುರುವಾರ

ಇವತ್ತು ಶಾಖೆಗಳ ಲೆಕ್ಕ. ಹೆಡ್ಡಾಫೀಸಿನವರು ಶಾಖೆಗೆ ಸರಕು ಕಳಿಸುವಾಗ ಅಸಲು ಬೆಲೆ ಹೇಳಲ್ಲವಂತೆ. ಲಾಭ ಸೇರಿಸಿ, ಏರಿಸಿದ ಬೆಲೆ ಬರೆದು ಕಳಿಸ್ತಾರಂತೆ. ಶಾಖೆಯ ಮ್ಯಾನೇಜರನಿಗೆ ನಿಜ ಗೊತ್ತಾಗಬಾರದು ಅಂತ! ತಮ್ಮ ಮನುಷ್ಯನಿಗೇ ಹೀಗೆ ಮಾಡೋದಾ ಅಂತ ನಾನು ಜೋರಾಗಿ ಕೇಳೇಬಿಟ್ಟೆ. ಸಾರ್ ಮೊದಲನೇ ಸಲ ನಕ್ಕರು.

ಅಸಲಿಗೆ ನೂರಕ್ಕೆ ಇಪ್ಪತ್ತೈದು ಸೇರಿಸಿದ್ರೆ, ಕೊನೆಯಲ್ಲಿ ಉಳಿದ ಸರಕಿನ ಬೆಲೆಯಿಂದ ಆ ಲಾಭ ತೆಗೆಯೋಕೆ ನೂರಕ್ಕೆ ಎಷ್ಟು ಕಳೀಬೇಕು? ಎಲ್ಲಾ ಹುಡುಗರೂ ಇಪ್ಪತ್ತೈದು ಅಂದ್ರು. ನಾನೂ ಹಾಗೇ ಅಂದುಕೊಂಡೆ. ಅಲ್ಲವಂತೆ. ಯಾಕೆ ಅಲ್ಲ ಅಂತ ಸಾರ್ ಹೇಳಲಿಲ್ಲ, ಹಾಳಾದ ಮನುಷ್ಯ, ಮನೆಗೆ ಹೋಗಿ ಯೋಚನೆ ಮಾಡಿ ಅಂದ್ರು.

ಬೋಟಿನಲ್ಲಿ ನಿಂತು ಅದನ್ನೇ ಯೋಚಿಸ್ತಿದ್ದೆ. ಇದ್ದಕ್ಕಿದ್ದ ಹಾಗೆ ಹೊಳೀತು. ನೂರು ನೂರಿಪ್ಪತ್ತೈದು ಆಯ್ತು. ಈಗ ಕೈಯಲ್ಲಿರೋದು ನೂರಿಪ್ಪತ್ತೈದು. ಅದರಲ್ಲಿ ಇಪ್ಪತ್ತೈದು ಅಂದ್ರೆ ಕಾಲು ಭಾಗ ಅಲ್ಲ, ಐದನೇ ಒಂದು! ಎಷ್ಟು ಖುಷಿಯಾಯ್ತು ಅಂದ್ರೆ ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸಿಗೆ ಹೇಳಿಬಿಟ್ಟೆ. ಅವಳು ಸ್ವಲ್ಪ ದೂರ ಸರಿದು ನಿಂತಳು.

ಸಂಜೆ ಆದಿಗೆ ಹೇಳಿದೆ. ಮೂರು ಸಲ ಹೇಳಿದೆ. ಆಕಳಿಸಿದ. ನನಗೆ ಅಳುವೇ ಬಂತು.

೨೩ ಏಪ್ರಿಲ್, ಭಾನುವಾರ

ನಾಳೆ ವಾಪಸ್. ಮೈ ಕೈ ಹಿಂಡಿಹೋಗಿದೆ. ನಿನ್ನೆ ಕೊನೇ ಕ್ಲಾಸು. ಎಲ್ಲರೂ ಹೋದ ಮೇಲೆ ಸಾರ್, "ಲೆಕ್ಕ ಹೊಂದದಿದ್ರೆ ಸುಳ್ಳು ಅಂಕಿ ತುರುಕಿ ಹೊಂದಿಸಬೇಡಿ. ಹುಡುಗರು ಅದನ್ನೇ ಮಾಡೋದು. ತಪ್ಪು ಎಲ್ಲಿದೆ ಹುಡುಕಿ, ಸಿಗದಿದ್ರೆ ಹಾಗೇ ಬಿಟ್ಟುಬಿಡಿ" ಅಂದ್ರು. ಅವನಿಗೆ ಹೇಳ್ತೀನಿ ಸಾರ್ ಅಂದೆ. "ನಿಮಗೇ ಹೇಳ್ತಿರೋದು" ಅಂದ್ರು.

ಬರುವಾಗ ಶುಂಠಿ ವಾಸನೆ ಇಷ್ಟವಾಯ್ತು. ಅದು ಯಾಕೋ.

೮ ಮೇ, ಸೋಮವಾರ. ತುಂಬ

ಬೆಳಿಗ್ಗೆ ನೀರು ಬಂದು ನಿಂತುಹೋಗಿದೆ, ನಾನು ಒಂದು ಬಕೆಟ್ಟೂ ಹಿಡಿದಿಲ್ಲ. ಪಾಲುದಾರಿಕೆಯ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೆ. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ಗೆರೆ ಹಾಕಿ ಮಾಡ್ತೀನಿ, ಅಗಲವಾಗಿ ಸಿಗುತ್ತೆ. ಇವರು ಸ್ನಾನಕ್ಕೆ ನೀರಿಲ್ಲದೆ ಟವೆಲ್ ಸುತ್ತಿಕೊಂಡು ಬಂದು ನಿಂತರು.

"ಓದ್ತಿರೋದು ಅವನಾ ನೀನಾ?"

"ಅವನಿಗೆ ಹೇಳಿಕೊಡೋಕೆ ನನಗೆ ಗೊತ್ತಿರಬೇಡ್ವಾ?" ಅಂತ ಹರಿಹಾಯ್ದೆ.

"ಅವನೆಲ್ಲಿ?"

ಅವನು ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಿಂದ ನೀರು ತಂದು ಕೊಟ್ಟೆ. ಬೆನ್ನು ಬಿದ್ದುಹೋಯ್ತು.

೨೨ ಮೇ, ಸೋಮವಾರ

ಇವತ್ತು ಅವನ ಹಿಂದೆಯೇ ಹೋದೆ. ಚರ್ಚಿನ ಆಚೆ ಕಡಲ ತೀರದಲ್ಲಿ ಲಾರೆನ್ಸ್ ಅನ್ನೋರ ಶೆಡ್ಡಿದೆ. ಮೀನುಗಾರರ ವಳ್ಳಗಳ, ಅಂದ್ರೆ ದೋಣಿಗಳ, ಎಂಜಿನ್ ರಿಪೇರಿ ಮಾಡ್ತಾರೆ. ನಮ್ಮ ರಾಜಕುಮಾರ ಅಲ್ಲಿ ಒಂದು ಎಂಜಿನ್ನಿನ ಕರುಳೆಲ್ಲಾ ಕಿತ್ತು ಹರಡಿಕೊಂಡು ಕೂತಿದ್ದ. ಒಂದು ವರ್ಷದಿಂದ ಬರ್ತಿದಾನಂತೆ. ಲಾರೆನ್ಸ್ ನನ್ನನ್ನ ನೋಡಿ ಎದ್ದು ನಿಂತು, "ಒಳ್ಳೇ ಕೈ ಅಕ್ಕ, ಇಂಥ ಕೈ ಸಿಗಲ್ಲ" ಅಂದ್ರು. ನಾನು ಇವನನ್ನ ಎಬ್ಬಿಸಿಕೊಂಡು ಹೊರಟೆ.

ದಾರಿಯುದ್ದಕ್ಕೂ ಜಗಳ. ನಿಮ್ಮಪ್ಪ ತಲೆ ಎತ್ತಿಕೊಂಡು ಓಡಾಡೋದು ಬೇಡ್ವೇನೋ, ನಾನು ಆ ಬಿಸಿಲಲ್ಲಿ ಮಟ್ಟಾಂಚೇರಿಗೆ ಅಲೆದಿದ್ದು ಯಾರಿಗೋಸ್ಕರ ಅಂದೆ. ಅವನು ನಿಂತ. ಮಲಯಾಳದಲ್ಲಿ ನಿಧಾನವಾಗಿ, "ಅದನ್ನೇ ನಾನೂ ಯೋಚನೆ ಮಾಡ್ತಿದೀನಿ ಅಮ್ಮೇ" ಅಂದ. ಎದುರುತ್ತರ ಬೇರೆ! ಮೂರು ದಿನ ಅವನ ಜೊತೆ ಮಾತಾಡಬಾರದು ಅಂತ ಮಾಡಿದೀನಿ.

ಪರೀಕ್ಷೆಗೆ ಕೂರ್ತೀನಿ, ಪೇಪರು ನೋಡೇ ನೋಡ್ತೀನಿ, ನಿನ್ನಾಣೆ ಅಂತ ಮಾತ್ರ ಹೇಳಿದಾನೆ.

೬ ಜೂನ್, ಮಂಗಳವಾರ

ನಾಳೆ. ಅವನು ಆರಾಮವಾಗಿ ಊಟ ಮಾಡಿದ. ನನಗೆ ತುತ್ತು ಇಳೀಲಿಲ್ಲ. ನಾನೇ ಬರೀಬೇಕೇನೋ ಅನ್ನೋ ಹಾಗೆ.

೭ ಜೂನ್, ಬುಧವಾರ

ಕಣ್ಣು ಎಳೀತಿದೆ, ಆದ್ರೂ ಬರೆದೇ ಮಲಗ್ತೀನಿ.

ತಿರುವನಂತಪುರದ ಪರೀಕ್ಷೆಯ ಕಾಲೇಜಿಗೆ ನಾನೇ ಬಸ್ಸಿನಲ್ಲಿ ಕರಕೊಂಡು ಹೋಗಿ, ಅವನು ಹಾಲಿನೊಳಗೆ ಹೋಗೋವರೆಗೂ ಗೇಟಿನಲ್ಲಿ ನಿಂತಿದ್ದೆ. ಹತ್ತು ಗಂಟೆಗೆ ಬೆಲ್ಲಾಯ್ತು. ಮಳೆ ಹನೀತಿತ್ತು. ಸೈಕಲ್ ಶೆಡ್ಡಿನ ಸಿಮೆಂಟು ಕಟ್ಟೆ ಮೇಲೆ ಕೂತೆ. ಬ್ಯಾಗಿನಲ್ಲಿ ಅವನ ರಫ್ ನೋಟು, ನೀರು, ಬಾಳೆಹಣ್ಣು ಕರಿದ ಎರಡು ಪಳಂಪೊರಿ.

ಹನ್ನೊಂದಾಗಿತ್ತು ಅಷ್ಟೇ. ಬರ್ತಿದಾನೆ! ಕೈ ಬೀಸಿಕೊಂಡು, ಪ್ರಶ್ನೆಪತ್ರಿಕೆ ಮಡಚಿ ಜೇಬಿಗೆ ಹಾಕ್ಕೊಂಡು. ಒಂದು ಗಂಟೆ ಆದ ಮೇಲೆ ಹೊರಗೆ ಬಿಡ್ತಾರಂತೆ.

"ಗೊತ್ತಿದ್ದಿದ್ದನ್ನ ಬರೆದೆ ಅಮ್ಮೇ. ಗೊತ್ತಿದ್ದಿದ್ದು ಅಷ್ಟೇ."

ಬೈಯೋಕೆ ಅಂತ ಬಾಯಿ ತೆರೆದೆ. ಏನು ಕೇಳಿದ್ರೋ ಅದಾದ್ರೂ ತೋರಿಸು ಅಂತ ಕಾಗದ ಕಿತ್ತುಕೊಂಡೆ. ಮೊದಲನೇ ಪ್ರಶ್ನೆಯೇ ಶಾಖೆಯ ಲೆಕ್ಕ. ಹೆಡ್ಡಾಫೀಸು ಕೊಚ್ಚಿಯಲ್ಲಿ, ಶಾಖೆ ಇಲ್ಲಿ. ಅಸಲಿಗೆ ಮೂರನೇ ಒಂದು ಸೇರಿಸಿ ಕಳಿಸಿದಾರೆ. ಓದ್ತಿದ್ದ ಹಾಗೇ ಗೊತ್ತಾಯ್ತು, ಎಲ್ಲರೂ ಮೂರನೇ ಒಂದೇ ಕಳೀತಾರೆ ಅಂತ. ಕಳೀಬೇಕಾದ್ದು ನಾಲ್ಕನೇ ಒಂದು. ಮೂರಕ್ಕೆ ಒಂದು ಸೇರಿದ್ರೆ ನಾಲ್ಕಲ್ವಾ!

"ಪೆನ್ನು ಕೊಡೋ" ಅಂದೆ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ರಫ್ ನೋಟು ಮಡಿಲಲ್ಲಿಟ್ಟುಕೊಂಡು ಬರೀತಾ ಹೋದೆ. ಶಾಖೆಯದು ಮುಗೀತು. ಪಾಲುದಾರಿಕೆಯದು ಮುಗೀತು. ಆದಿ ಎಲ್ಲೋ ಹೋಗಿ ಚಾಯ ತಂದು ಪಕ್ಕದಲ್ಲಿಟ್ಟ, ಅದು ಆರಿ ತಣ್ಣಗಾಯ್ತು. ಎರಚಲು ಹೊಡೀತು ಅಂತ ಕೊಡೆ ಬಿಚ್ಚಿ ನೋಟಿನ ಮೇಲೆ ಹಿಡಿದ. ಅವನ ಹೆಗಲೆಲ್ಲಾ ನೆನೆದಿತ್ತು ಅಂತ ನಾನು ನೋಡಿದ್ದು ಆಮೇಲೆ.

ಕೊನೇ ಪ್ರಶ್ನೆ ಒಂದು ಬ್ಯಾಲೆನ್ಸ್ ಶೀಟು. ಬರೆದು ಕೂಡಿದೆ. ಎರಡು ಕಡೆಯೂ ಒಂದೇ ಆಗಬೇಕು, ಆಗಲಿಲ್ಲ. ಮತ್ತೆ ಕೂಡಿದೆ. ಇಲ್ಲ. ಒಂದು ಅಂಕಿ ತಿದ್ದಿ ತುರುಕಿಬಿಡೋಣ ಅಂತ ಆಸೆಯಾಯ್ತು, ಯಾರು ನೋಡ್ತಾರೆ, ನನಗೇನು ಮಾರ್ಕು ಕೊಡ್ತಾರಾ? ಆಗ ತಲೆ ಮೇಲಿಂದ ಆದಿಯ ದನಿ.

"ಅಮ್ಮಾ, ಇನ್ನೂ ಅರ್ಧ ಗಂಟೆ ಇದೆ. ನಿಧಾನವಾಗಿ ನೋಡು."

ಕನ್ನಡದಲ್ಲಿ. ನಾನು ತಲೆ ಎತ್ತಲಿಲ್ಲ, ಎತ್ತಿದ್ರೆ ಲೆಕ್ಕ ತಪ್ಪಿಹೋಗ್ತಿತ್ತು. ಮೇಲಿನಿಂದ ಒಂದೊಂದೇ ಸಾಲು ಬೆರಳಿಟ್ಟು ಬಂದೆ. ಸಿಕ್ಕಿತು. ಯಂತ್ರದ ಸವಕಳಿಯನ್ನ ಲಾಭದಲ್ಲಿ ಕಳೆದಿದ್ದೆ, ಯಂತ್ರದ ಬೆಲೆಯಲ್ಲಿ ಕಳೆಯೋದು ಮರೆತಿದ್ದೆ. ಕಳೆದು ಕೂಡಿದೆ. ಎರಡು ಕಡೆಯೂ ಒಂದೇ! ಪರೀಕ್ಷೆ ಮುಗಿಯೋ ಬೆಲ್ಲು ಅದಾದ ಮೇಲೆ ಹೊಡೀತು.

ನನ್ನ ಕಣ್ಣಲ್ಲಿ ನೀರು ಬಂತು. ಆದಿ, "ಕೊಡು, ಪೇಪರ್ ಕಲೆಕ್ಟ್ ಮಾಡ್ಕೋತೀನಿ" ಅಂತ ಮೇಷ್ಟರ ಥರ ನೋಟು ಇಸ್ಕೊಂಡ. ಇಬ್ಬರೂ ನಕ್ಕೆವು. ತಣ್ಣಗಾದ ಪಳಂಪೊರಿ ಹಂಚಿಕೊಂಡು ತಿಂದ್ವಿ.

ಬಸ್ಸಿನಲ್ಲಿ ತುಂಬದವರೆಗೂ ನಾನೇ ಮಾತಾಡಿದೆ. ಮೂರನೇ ಒಂದು ಹೇಗೆ ನಾಲ್ಕನೇ ಒಂದಾಯ್ತು, ಎಲ್ಲಿ ಸಿಕ್ಕಿಕೊಂಡೆ, ಹೇಗೆ ಬಿಡಿಸಿದೆ, ಎಲ್ಲಾ. ಅವನು ಕಿಟಕಿ ಪಕ್ಕ ಕೂತು ಹೂಂ, ಹೂಂ ಅಂತಿದ್ದ. ಚಿಕ್ಕವನಿದ್ದಾಗ ಕಥೆ ಹೇಳಿದ್ರೆ ಹೀಗೇ ಹೂಂಗುಟ್ಟುತ್ತಿದ್ದ.

ಮನೆಗೆ ಬಂದು ಸೀರೆ ಬದಲಾಯಿಸುವಾಗ ನೆನಪಾಯ್ತು. ಅವನು ಎಷ್ಟು ಬರೆದ, ಪಾಸಾಗ್ತಾನಾ, ನಾನು ಕೇಳೇ ಇಲ್ಲ. ಎರಡು ತಿಂಗಳಿಂದ ನಿದ್ದೆಗೆಟ್ಟಿದ್ದು ಅದಕ್ಕೇ, ಅದನ್ನೇ ಕೇಳೋದು ಮರೆತೆನಲ್ಲ! ಎಂಥ ತಾಯಿ ನಾನು. ರೂಮಿಗೆ ಹೋಗಿ ನೋಡಿದ್ರೆ ಅವನಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲಿಲ್ಲ.

೧೧ ಜೂನ್, ಭಾನುವಾರ

ಇವರಿಗೆ ಎಲ್ಲಾ ಹೇಳಿದೆ. ಹೋದ ಸಲದ ಕಡಲ ತೀರದ್ದು, ಲಾರೆನ್ಸ್ ಶೆಡ್ಡಿನದ್ದು, ಒಂದು ಗಂಟೆಗೇ ಎದ್ದು ಬಂದದ್ದು. ಇವರು ತುಂಬಾ ಹೊತ್ತು ಕನ್ನಡಕ ಒರೆಸಿದ್ರು. "ಯಾವ ಎಂಜಿನ್ನು?" ಅಂದ್ರು. ನನಗೇನು ಗೊತ್ತು, ಅವನನ್ನೇ ಕೇಳಿ ಅಂದೆ. ಕೇಳಲಿಲ್ಲ. ಸಂಜೆ ವಾಕಿಂಗ್ ಅಂತ ಚರ್ಚಿನ ಕಡೆ ಹೋದ್ರು, ದಿನಾ ಆ ಕಡೆ ಹೋಗೋರಲ್ಲ.

೧೯ ಆಗಸ್ಟ್, ಶನಿವಾರ

ರಿಸಲ್ಟ್ ಬಂತು. ಫೇಲು. ಹತ್ತೊಂಬತ್ತು ಮಾರ್ಕು.

ಗೊತ್ತಿದ್ದದ್ದೇ. ಆದ್ರೂ ಸಂಕಟವಾಯ್ತು, ಸುಳ್ಳು ಯಾಕೆ ಹೇಳಲಿ. ನನ್ನ ಮಗನಿಗೆ ಡಿಗ್ರಿ ಇಲ್ಲ. ಇನ್ನು ಆಗೋದೂ ಇಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಶೆಡ್ಡಿಗೆ ಹೋದೆ.

ನನ್ನ ಮುಖ ನೋಡೇ ಅವನಿಗೆ ಗೊತ್ತಾಯ್ತು. ಎದ್ದು ನಿಂತ, ಗ್ರೀಸು ಕೈ ಹಿಂದಕ್ಕೆ ಕಟ್ಟಿಕೊಂಡು. ಹತ್ತೊಂಬತ್ತು ಅಂದೆ. ತಲೆ ತಗ್ಗಿಸಿದ. ನಾನು ಬೋರಲು ಹಾಕಿದ್ದ ಒಂದು ವಳ್ಳದ ಮೇಲೆ ಕೂತೆ. ಕಾಲು ನೋಯ್ತಿತ್ತು.

"ಇದೇನೋ ಇದು?" ಅಂದೆ, ಅವನ ಮುಂದೆ ಬಿಚ್ಚಿ ಹಾಕಿದ್ದ ಎಂಜಿನ್ ತೋರಿಸಿ.

ಅವನಿಗೆ ನಂಬಿಕೆ ಬರಲಿಲ್ಲ. ಬೈಗುಳ ಬರುತ್ತೇನೋ ಅಂತ ಕಾದು ನೋಡಿದ. ಆಮೇಲೆ ಕೂತು, ಒಂದು ತುಂಡು ಎತ್ತಿ ಹೇಳೋಕೆ ಶುರು ಮಾಡಿದ. ಕನ್ನಡದಲ್ಲಿ ಶುರು ಮಾಡ್ತಾನೆ, ಮಾತು ಸಿಗದೆ ಮಲಯಾಳಕ್ಕೆ ಹೋಗ್ತಾನೆ, ಮತ್ತೆ ಕಷ್ಟಪಟ್ಟು ಕನ್ನಡಕ್ಕೆ ಬರ್ತಾನೆ. ಸೀಮೆಎಣ್ಣೆ ಎಲ್ಲಿ ಹೋಗುತ್ತೆ, ಗಾಳಿ ಎಲ್ಲಿ ಸೇರುತ್ತೆ, ಉಪ್ಪುನೀರು ಎಲ್ಲಿ ತಿಂದುಹಾಕಿದೆ. ಎಲ್ಲಿ ಸಿಕ್ಕಿಕೊಂಡ, ಹೇಗೆ ಬಿಡಿಸಿದ. ಮುಖವೆಲ್ಲಾ ಕೆಂಪಾಗಿತ್ತು. ಈ ಹುಡುಗ ಇಷ್ಟು ಮಾತಾಡ್ತಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಾಳೆ ತಿರುವನಂತಪುರದ ಪಾಳಯಂ ಕಡೆ ಹೋಗಬೇಕು. ಮೂರನೇ ವರ್ಷದ ಅಕೌಂಟೆನ್ಸಿ ಪುಸ್ತಕ ಅಲ್ಲಿ ಹಳೇದು ಸಿಗುತ್ತಂತೆ. ಅಯ್ಯೋ, ನಾಳೆ ಭಾನುವಾರ, ಅಂಗಡಿ ಇರಲ್ಲ. ಸೋಮವಾರ ಹೋಗ್ತೀನಿ. ಸುಮ್ಮನೆ ನೋಡೋಣ ಅಂತ ಅಷ್ಟೇ.

ಅವನು ಹೇಳಿದ್ದರಲ್ಲಿ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಚಿತ್ರಾನ್ನ ಆರಿಹೋಗೋವರೆಗೂ ಕೂತು, ಹೂಂ, ಹೂಂ ಅಂತಿದ್ದೆ.